ದರ್ಜಿಗೆ ಆರಿಸಿ ಕೊಟ್ಟ ಕೋಳಿಗಳು

ಜೂನ್ 3

ನಿಮಗೆ ನಮಸ್ಕಾರ.

ನಿನ್ನೆ ಫೋನ್ ಮಾಡಿದ್ದೆ. ನಿಮ್ಮ ಆಪ್ತ ಕಾರ್ಯದರ್ಶಿ ಎತ್ತಿದ. "ಯಾರು ಮಾತಾಡೋದು, ಏನು ವಿಷಯ?" ಅಂತ ಕೇಳಿದ. "ಮನೆ ವಿಷಯ" ಅಂದೆ. "ಯಾರ ಮನೆ?" ಅಂದ. ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನೀವು ಕೋಳಿಮರಿ ಮಾರುತ್ತಾ ಊರೂರು ಸುತ್ತುವಾಗ ನಾನು ಬರೆಯುತ್ತಿದ್ದೆನಲ್ಲ, ಆ ಅಭ್ಯಾಸ ಇನ್ನೂ ಕೈ ಬಿಟ್ಟಿಲ್ಲ.

ನೀವು ಮಂತ್ರಿಯಾದ ಸುದ್ದಿ ಬಂದ ದಿನದಿಂದ ಮನೆ ಮನೆಯಾಗಿ ಉಳಿದಿಲ್ಲ. ಅಂಗಳದ ತುಂಬ ಚಪ್ಪಲಿ. ನಿಮ್ಮ ತಮ್ಮ ಹೊಸ ಕುರ್ಚಿ ತರಿಸಿದ್ದಾನೆ; ಅದರಲ್ಲಿ ಅವನೇ ಕೂತು ಅರ್ಜಿ ತೆಗೆದುಕೊಳ್ಳುತ್ತಾನೆ. ದರ್ಜಿಯವರು ಬಂದಿದ್ದರು. ಹೆಗಲ ಮೇಲೆ ಅಳತೆ ಟೇಪು ಹಾಗೇ ಇತ್ತು, ತೆಗೆಯುವುದನ್ನೂ ಮರೆತು ಓಡಿ ಬಂದಿದ್ದರು. ಬಂದವರಿಗೆಲ್ಲ ಹಳೆಯ ಕತೆ ಹೇಳಿದ್ದೇ ಹೇಳಿದ್ದು. ಅಡಿಗೆಮನೆ ಮೂಲೆಯಲ್ಲಿ ಮರದ ಪೆಟ್ಟಿಗೆಯೊಳಗೆ ಲಾಂದ್ರ ಇಟ್ಟು ನಾವು ಮರಿ ಮಾಡುತ್ತಿದ್ದದ್ದು, ಆಮೇಲೆ ಕರೆಂಟಿನ ಮೆಷಿನ್ ತಂದದ್ದು, ಕರೆಂಟು ಹೋಗಿ ಟ್ರೇ ಟ್ರೇ ಮೊಟ್ಟೆ ತಣ್ಣಗಾದಾಗ ನೀವು ಸತ್ತ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಹೊತ್ತು ವಿದ್ಯುತ್ ಕಚೇರಿಯ ಮೇಜಿನ ಮೇಲೆ ಸುರಿದದ್ದು. "ಆವತ್ತೇ ನಾನಂದೆ, ಈ ಮನುಷ್ಯ ಎಲೆಕ್ಷನ್ನಿಗೆ ನಿಲ್ಲಬೇಕು ಅಂತ. ನನಗೂ ಇಸ್ತ್ರಿಗೆ ಕರೆಂಟು ಬೇಕಿತ್ತಲ್ಲ!" ಅಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಊರಿನ ಪಂಚಾಯಿತಿಗೆ ನಿಮ್ಮ ಹೆಸರು ಸೂಚಿಸಿದ ಕೈ ತಮ್ಮದು ಎಂದು ಕೈ ಎತ್ತಿ ತೋರಿಸಿದರು.

ನನಗೂ ಸಂತೋಷವೇ. ಆದರೆ ಮೊಟ್ಟೆ ತಣ್ಣಗಾಗಬಾರದು ಅಂತ ಹೊರಟವರು ಇಷ್ಟು ದೂರ ಹೋಗಿಬಿಟ್ಟಿರಲ್ಲ ಅನ್ನಿಸುತ್ತದೆ.

ಇನ್ನೊಂದು ವಿಷಯ. ಕೊನೆಯ ಶೆಡ್ಡಿನ ಕೋಳಿಗಳು ಎರಡು ದಿನದಿಂದ ಸರಿಯಾಗಿ ಫೀಡ್ ಮುಟ್ಟುತ್ತಿಲ್ಲ. ಸದ್ದೂ ಕಡಿಮೆ. ಸೆಕೆಗೆ ಇರಬಹುದು.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮವಳು


ಜೂನ್ 8

ಯಜಮಾನಿಗೆ,

ನಿನ್ನ ಕಾಗದ ಓದಿ ಕಾರ್ಯದರ್ಶಿಗೆ ಬೈದೆ. ಪಾಪ, ಅವನಿಗೇನು ಗೊತ್ತು. ದಿನಕ್ಕೆ ನೂರು ಜನ "ಮನೆ ವಿಷಯ" ಅಂತಲೇ ಫೋನ್ ಮಾಡುತ್ತಾರಂತೆ.

ನನಗೆ ಕೊಟ್ಟಿರುವ ಬಂಗಲೆ ನೋಡಿದರೆ ನೀನು ನಗುತ್ತೀ. ಬಾಗಿಲ ಹಿಡಿಗಳೇ ನನ್ನ ತಲೆಯ ಎತ್ತರಕ್ಕಿವೆ. ಹಿಂದಿನ ಮಂತ್ರಿ ಬಿಟ್ಟುಹೋದ ಸೋಫಾದಲ್ಲಿ ಕೂತರೆ ಏಳಲು ಇನ್ನೊಬ್ಬರು ಕೈ ಕೊಡಬೇಕು. ಗೇಟಿನಲ್ಲಿರುವ ಪೊಲೀಸಿನವ ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದರೂ ಸೆಲ್ಯೂಟ್ ಹೊಡೆಯುತ್ತಾನೆ. ಮೊದಲ ದಿನ ನಾನೂ ತಿರುಗಿ ಹೊಡೆದೆ. ಹಾಗೆ ಮಾಡಬಾರದಂತೆ.

ಸದನದಲ್ಲಿ ನಾನು ಎದ್ದು ನಿಂತರೆ ಸಾಕು, ವಿರೋಧ ಪಕ್ಷದ ಹಿಂದಿನ ಬೆಂಚಿನಿಂದ ಯಾರೋ ಒಬ್ಬ "ಕೊಕ್ಕೊಕ್ಕೋ" ಅಂತ ಕೂಗುತ್ತಾನೆ. ಪತ್ರಿಕೆಯವರು ಆಗಲೇ "ಕೋಳಿ ಮಂತ್ರಿ" ಅಂತ ಹೆಸರಿಟ್ಟಾಗಿದೆ. ಪಶುಸಂಗೋಪನೆ ಖಾತೆ ಕೊಟ್ಟದ್ದೂ ಅದಕ್ಕೇ ತಾನೆ. ನಾನೂ ನಗುತ್ತೇನೆ. ನಕ್ಕರೆ ಅವರಿಗೆ ಮುಂದೇನು ಮಾಡಬೇಕೋ ತೋಚುವುದಿಲ್ಲ. ನಮ್ಮ ದೊಡ್ಡವರಿಗೆ (ಇಲ್ಲಿ ಮುಖ್ಯಮಂತ್ರಿಗಳನ್ನು ಎಲ್ಲರೂ ಹಾಗೇ ಅನ್ನುವುದು) ಅದು ಹಿಡಿಸಿದೆ. "ಚರ್ಮ ದಪ್ಪ ಇದೆ ನಿಮ್ಮದು, ಮೇಲೆ ಬರ್ತೀರಿ" ಅಂದರು.

ಇಲಾಖೆಯ ಬಜೆಟ್ಟು ಸದನಕ್ಕೆ ಬರುವುದರಲ್ಲಿದೆ. ಅದಾದ ಮೇಲೆ ನಾಲ್ಕು ದಿನ ಊರಿಗೆ ಬರುತ್ತೇನೆ. ಇಲ್ಲಾ ನೀನೇ ಇಲ್ಲಿಗೆ ಬಾ. ಇಷ್ಟು ದೊಡ್ಡ ಮನೆಯಲ್ಲಿ ಒಬ್ಬನೇ ಕೆಮ್ಮಿದರೆ ನನಗೇ ಹೆದರಿಕೆಯಾಗುತ್ತದೆ.

ಕೋಳಿಗಳು ಸೆಕೆಗೇ ಹಾಗೆ ಮಾಡಿರುತ್ತವೆ. ನೀರಿಗೆ ಬೆಲ್ಲ, ವಿಟಮಿನ್ನು ಹಾಕಿಸು. ನಿನಗೆ ಹೇಳಿಕೊಡಬೇಕೆ!

ನಿನ್ನ ಕೋಳಿ ಮಂತ್ರಿ


ಜೂನ್ 13

ನಿಮಗೆ ನಮಸ್ಕಾರ.

ಸೆಕೆ ಅಲ್ಲ.

ಕೊನೆಯ ಶೆಡ್ಡಿನಲ್ಲಿ ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಬುಟ್ಟಿಗಟ್ಟಲೆ ಸತ್ತು ಬಿದ್ದಿರುತ್ತವೆ. ನಾನು ನೋಡದ ರೋಗವೇ? ಕೊಕ್ಕರೆ ರೋಗ ನೋಡಿದ್ದೇನೆ, ಸಿಡುಬು ನೋಡಿದ್ದೇನೆ, ಬಿಳಿ ಭೇದಿ ನೋಡಿದ್ದೇನೆ. ಇದು ಅವು ಯಾವುದೂ ಅಲ್ಲ. ಮುಖ ಊದಿಕೊಳ್ಳುತ್ತದೆ, ಜುಟ್ಟು ಕಪ್ಪುನೀಲಿಯಾಗುತ್ತದೆ. ಹಾಕಿದ ಮೊಟ್ಟೆಗೆ ಚಿಪ್ಪೇ ಇಲ್ಲ, ಕೈಯಲ್ಲಿ ಹಿಡಿದರೆ ಜಾರುತ್ತದೆ. ನಿನ್ನೆ ಒಂದು ಕೋಳಿ ನನ್ನ ಕಾಲ ಹತ್ತಿರ ನಿಂತೇ ಇತ್ತು. ನೋಡ ನೋಡುತ್ತಿದ್ದಂತೆ ಮಗುಚಿಕೊಂಡಿತು.

ಪಶುವೈದ್ಯೆಯನ್ನು ಕರೆಸೋಣ ಅಂದರೆ ನಿಮ್ಮ ತಮ್ಮ ಅಡ್ಡ ನಿಂತ. "ಅತ್ತಿಗೇ, ಸರ್ಕಾರದ ಡಾಕ್ಟ್ರು ಒಳಗೆ ಕಾಲಿಟ್ಟರೆ ನಾಳೆ ಪೇಪರಿನಲ್ಲಿ ಬರುತ್ತೆ. ಅಣ್ಣನ್ನ ಕೇಳದೆ ಏನೂ ಮಾಡಬೇಡಿ" ಅಂದ. ಆಸ್ಪತ್ರೆಗೆ ಹೊಸದಾಗಿ ಬಂದಿರುವ ಹುಡುಗಿ ಆಕೆ, ಚುರುಕಾಗಿದ್ದಾಳೆ. ಒಂದು ಸತ್ತ ಕೋಳಿ ನೋಡಿದರೆ ಹೇಳಿಬಿಡುತ್ತಾಳೆ ಅನ್ನಿಸುತ್ತದೆ. ಅದಕ್ಕೇ ನಿಮ್ಮ ತಮ್ಮನಿಗೆ ಹೆದರಿಕೆ.

ಈ ವಾರ ಮೊಟ್ಟೆಗೆ ಬರುವ ಪ್ರಾಯದ ಕೋಳಿಗಳ ಸಾಗಣೆ ಇದೆ. ಅವು ಇರುವುದು ಪಕ್ಕದ ಶೆಡ್ಡಿನಲ್ಲಿ, ಮೇಲ್ನೋಟಕ್ಕೆ ಚೆನ್ನಾಗಿವೆ. ಆದರೆ ಒಬ್ಬರೇ ಆಳು ಎರಡೂ ಕಡೆ ಓಡಾಡುತ್ತಾರೆ, ನೀರಿನ ಪೈಪು ಒಂದೇ. ಕೊಡಬಾರದು ಅಂತ ನನ್ನ ಮನಸ್ಸು ಹೇಳುತ್ತಿದೆ. ನೀವು ಈಗ ಈ ಇಲಾಖೆಯ ಮಂತ್ರಿ. ನಿಮ್ಮನ್ನೇ ಕೇಳುತ್ತಿದ್ದೇನೆ, ಏನು ಮಾಡಲಿ?

ಈ ಕಾಗದವನ್ನು ಕಾರಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರ ಅವರ ಕೈಯಲ್ಲೇ ಕೊಡಿ. ಬೇಗ.

ನಿಮ್ಮವಳು


ಜೂನ್ 14

ಯಜಮಾನಿಗೆ,

ಡ್ರೈವರ್ ಕಾಯುತ್ತಿದ್ದಾನೆ, ಚಿಕ್ಕದಾಗಿ ಬರೆಯುತ್ತೇನೆ.

ಸೋಮವಾರ ನನ್ನ ಇಲಾಖೆಯ ಮೇಲೆ ಚರ್ಚೆ. ಈಗ ನಮ್ಮದೇ ಹ್ಯಾಚರಿಯಲ್ಲಿ ರೋಗ ಅಂತ ಹೊರಬಿದ್ದರೆ ನನ್ನನ್ನು ಹರಿದು ಹಂಚಿಬಿಡುತ್ತಾರೆ. "ತನ್ನ ಕೋಳಿ ಕಾಯಲಾಗದವ ನಾಡಿನ ದನ ಕಾಯುತ್ತಾನಾ" ಅನ್ನುತ್ತಾರೆ. ಒಂದು ವಾರ. ಒಂದೇ ವಾರ ತಡೆದುಕೋ. ಸದನ ಮುಗಿಯಲಿ, ನಾನೇ ತಂಡ ಕಳಿಸುತ್ತೇನೆ.

ಸತ್ತವನ್ನು ಹಿಂದಿನ ಬಯಲಿನಲ್ಲಿ ಸುಣ್ಣ ಹಾಕಿ ಹೂಳಿಸು. ಪಶುವೈದ್ಯೆ ಬೇಡ. ಸಾಗಣೆ ನಿಲ್ಲಿಸಬೇಡ, ನಿಲ್ಲಿಸಿದರೆ ಯಾಕೆ ಅಂತ ಕೇಳುತ್ತಾರೆ. ಚೆನ್ನಾಗಿರುವ ಶೆಡ್ಡಿನವು ತಾನೆ, ಏನೂ ಆಗುವುದಿಲ್ಲ.

ಇಷ್ಟು ವರ್ಷ ನಿನ್ನ ಧೈರ್ಯದಿಂದಲೇ ನಾನು ನಡೆದದ್ದು. ಇದೊಂದು ವಾರ ನನಗೋಸ್ಕರ.

ನಿನ್ನವನು


ಜುಲೈ 2

ನಿಮಗೆ,

ನಿಮ್ಮ ಒಂದು ವಾರ ಮುಗಿದು ಎಷ್ಟು ದಿನವಾಯಿತು! ನಿಮ್ಮ ಬಜೆಟ್ಟು ಪಾಸಾದದ್ದನ್ನು ಪೇಪರಿನಲ್ಲಿ ಓದಿದೆ. ಇಲ್ಲಿ ಏನಾಯಿತು ಅಂತ ಅಧಿಕಾರಿಗಳು ನಿಮಗೆ ಹೇಳಿರುತ್ತಾರೆ. ಅವರು ಹೇಳದೆ ಇರುವುದನ್ನು ನಾನು ಬರೆಯುತ್ತೇನೆ.

ಸಾಗಣೆಯ ದಿನ ದರ್ಜಿಯವರು ತಾವೇ ಟೆಂಪೋ ತಗೊಂಡು ಬಂದಿದ್ದರು. ಹೊಲಿಗೆಯ ಜೊತೆ ಸಾಕುವ ಕೋಳಿಗಳಿಗೆ ಈ ಸಲ ಶೆಡ್ಡು ದೊಡ್ಡದು ಮಾಡಿಸಿದ್ದಾರೆ. ಹೊಲಿಗೆಗೆ ಕಣ್ಣು ಮಂಜಾಗುತ್ತಿದೆ, ಸೂಜಿಗೆ ದಾರ ಪೋಣಿಸಲು ಹೆಂಡತಿಯನ್ನು ಕರೆಯುವ ಹಾಗಾಗಿದೆ, ಇನ್ನು ಮೇಲೆ ಕೋಳಿಯೇ ಗತಿ ಅಂದರು. ನಾನು ಜಗುಲಿಯಲ್ಲಿ ನಿಂತಿದ್ದೆ. ಒಳಗೆ ಹೋಗಿಬಿಡೋಣ ಅಂದುಕೊಳ್ಳುವಷ್ಟರಲ್ಲಿ ಕೂಗಿದರು. "ಅಕ್ಕಾ, ಹುಡುಗರ ಕೈಲಿ ಬೇಡ, ನೀವೇ ಆರಿಸಿ ಕೊಡಿ. ನಿಮ್ಮ ಕೈಗುಣ ಚೆನ್ನಾಗಿದೆ."

ಹೋದೆ. ಆರಿಸಿದೆ. ಒಂದೊಂದನ್ನೂ ಎತ್ತಿ, ಕಣ್ಣು ನೋಡಿ, ಜುಟ್ಟು ನೋಡಿ, ಎದೆ ಮೂಳೆ ಮುಟ್ಟಿ ನೋಡಿ ಕೊಟ್ಟೆ. ಕೊಡಬೇಡ ಅಂತ ಮನಸ್ಸು ಕಿರುಚುತ್ತಿದ್ದರೆ ಕೈ ಇನ್ನಷ್ಟು ಎಚ್ಚರಿಕೆಯಿಂದ ಆರಿಸುತ್ತಿತ್ತು. ಚೆನ್ನಾಗಿರುವುದನ್ನೇ ಕೊಟ್ಟರೆ ತಪ್ಪು ಕಡಿಮೆಯಾಗುತ್ತದೆ ಅಂದುಕೊಂಡೆನೋ ಏನೋ. ನೀವು "ನನಗೋಸ್ಕರ" ಅಂದಿದ್ದಿರಿ. ನಾನೂ ನಿಮ್ಮ ಹೆಸರು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಬಾಯಿ ಮುಚ್ಚಿಕೊಂಡವಳು ನಾನು.

ಮುಂದಿನ ವಾರ ಅವರ ಶೆಡ್ಡಿನಲ್ಲಿ ಸಾಯಲು ಶುರುವಾದವು. ಅವರು ನಮ್ಮ ಹಾಗಲ್ಲ, ಮೊದಲ ದಿನವೇ ಎರಡು ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ಪಶುವೈದ್ಯೆಯ ಹತ್ತಿರ ಓಡಿದರು. ಆಕೆ ಸ್ಯಾಂಪಲ್ ಕಳಿಸಿದಳು, ಹಕ್ಕಿಜ್ವರ ಅಂತ ಬಂತು. ಆಮೇಲೆ ಬಂದದ್ದು ನಿಮ್ಮದೇ ಇಲಾಖೆಯ ಜನ. ಮೈತುಂಬ ಬಿಳಿ ಪ್ಲಾಸ್ಟಿಕ್ಕು, ಮುಖಕ್ಕೆ ಮುಸುಕು. ಊರಿನ ಕೋಳಿಗಳನ್ನೆಲ್ಲ ಹಿಡಿದರು. ದೊಡ್ಡ ಶೆಡ್ಡು, ಸಣ್ಣ ಶೆಡ್ಡು, ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿದವರ ಮನೆ, ಏನೂ ಬಿಡಲಿಲ್ಲ. ಮೂಲೆಮನೆಯ ಅಜ್ಜಿ ತನ್ನ ಹುಂಜವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಅದು ಒಳಗಿಂದಲೇ ಕೂಗಿ ಸಿಕ್ಕಿಬಿತ್ತು. ಯಾರೂ ನಗಲಿಲ್ಲ.

ನಮ್ಮ ಶೆಡ್ಡುಗಳೂ ಖಾಲಿ. ಮೆಷಿನ್ನಿನ ಮೊಟ್ಟೆಗಳನ್ನೂ ಒಡೆದರು. ಒಡೆದವುಗಳಲ್ಲಿ ಕೆಲವು ಇನ್ನೇನು ಮರಿಯಾಗುವುದರಲ್ಲಿದ್ದವು. ಈ ಮನೆಗೆ ಬಂದಾಗಿನಿಂದ ಕೋಳಿಯ ಸದ್ದಿಲ್ಲದೆ ನಾನು ಎದ್ದವಳಲ್ಲ. ಈಗ ಬೆಳಿಗ್ಗೆ ಎಚ್ಚರವಾದರೂ ಬೆಳಗಾದದ್ದು ಗೊತ್ತಾಗುವುದಿಲ್ಲ.

ಪಶುವೈದ್ಯೆ ಹಿಂದಿನ ಬಯಲಿಗೆ ಹೋಗಿ ಹೂತ ಗುಂಡಿ ನೋಡಿದಳು. ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: "ಅಮ್ಮಾ, ಇವು ದರ್ಜಿಯವರ ಕೋಳಿಗಿಂತ ಮೊದಲೇ ಸತ್ತವು. ನಿಮಗೆ ಗೊತ್ತು, ಅಲ್ವಾ?" ನೀರು ತರುತ್ತೇನೆ ಅಂತ ನಾನು ಒಳಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ.

ಒಂದೇ ಪ್ರಶ್ನೆ. ವರದಿಯಲ್ಲಿ ರೋಗದ ಮೂಲ ಅಂತ ದರ್ಜಿಯವರ ಶೆಡ್ಡನ್ನು ಬರೆದಿದ್ದಾರೆ. ಅವರು ಒಂದು ವಾರ ಮುಚ್ಚಿಟ್ಟರು, ಅದಕ್ಕೆ ಪರಿಹಾರ ಇಲ್ಲ ಅಂತ ಅವರ ಗೇಟಿಗೆ ನೋಟೀಸು ಅಂಟಿಸಿದ್ದಾರೆ. ಆ ವಾರ ನಮ್ಮದು. ಅದನ್ನು ಅವರ ಹೆಸರಿಗೆ ಬರೆಸಿದವರು ಯಾರು?

ನಿಮ್ಮವಳು


ಜುಲೈ 11

ಯಜಮಾನಿಗೆ,

ನಿನ್ನ ಕಾಗದ ಮೇಜಿನ ಮೇಲಿಟ್ಟುಕೊಂಡು ಮೂರು ಸಲ ಬರೆಯಲು ಕೂತೆ. ಜನ ಬರುತ್ತಾರೆ, ಏಳುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ಮೊನ್ನೆ ಸದನದಲ್ಲಿ ಎಲ್ಲರೂ ಸೇರಿ ನನ್ನ ಮೇಲೆ ಬಿದ್ದರು. ನಾನು ಎದ್ದು ನಿಂತು, "ಮೂವತ್ತು ವರ್ಷ ಕಟ್ಟಿದ ಹ್ಯಾಚರಿ ನಂದು. ಒಂದು ಕೋಳಿನೂ ಉಳಿಸಿಕೊಳ್ಳಲಿಲ್ಲ. ನನ್ನ ಹೆಂಡತಿ ಕೈಯಾರೆ ಸಾಕಿದ ಕೋಳಿಗಳು. ಕೊಲ್ಲಿ ಅಂತ ನಾನೇ ಸಹಿ ಹಾಕಿದೆ. ನಿಮ್ಮಲ್ಲಿ ಯಾರು ಹಾಗೆ ಮಾಡ್ತೀರಿ, ಹೇಳಿ" ಅಂದೆ. ಆ ಕೊಕ್ಕೊಕ್ಕೋ ಅನ್ನುವವನೂ ತಲೆ ತಗ್ಗಿಸಿದ. ಹೊರಗೆ ಬಂದಾಗ ದೊಡ್ಡವರು ಹೆಗಲ ಮೇಲೆ ಕೈ ಹಾಕಿದರು. ಮುಂದಿನ ಬದಲಾವಣೆಯಲ್ಲಿ ದೊಡ್ಡ ಖಾತೆಯ ಮಾತು ನಡೆದಿದೆ.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಹಿ ಹಾಕಿದ್ದು ನಾನೇ.

ದರ್ಜಿಯ ವಿಷಯ. ನೀನಂದುಕೊಂಡ ಹಾಗೆ ನಾನೇನೂ ಹೇಳಿ ಬರೆಸಿದ್ದಲ್ಲ. ರೋಗ ಅಷ್ಟು ಹಳೆಯದಾಗಿದ್ದರೆ ಯಾರೋ ಮುಚ್ಚಿಟ್ಟಿರಲೇಬೇಕು, ಯಾರು ಅಂತ ಅಧಿಕಾರಿ ನನ್ನ ಮುಖ ನೋಡಿದ. ನಾನು ಕಿಟಕಿ ಕಡೆ ನೋಡಿದೆ. ಅಷ್ಟೇ. ಉಳಿದದ್ದನ್ನು ಅವರೇ ಬರೆದುಕೊಂಡರು. ನಿನ್ನ ಪಶುವೈದ್ಯೆ ಅದೇನೋ ತಕರಾರು ತೆಗೆದಳಂತೆ. ಅವಳನ್ನು ಬೇರೆ ಕಡೆಗೆ ವರ್ಗ ಮಾಡಿದ್ದಾರೆ. ಅದೂ ನಾನಲ್ಲ.

ದರ್ಜಿಯನ್ನು ನಾನು ಬಿಟ್ಟುಬಿಡುತ್ತೇನೆಯೇ? ಗಲಾಟೆ ತಣ್ಣಗಾಗಲಿ, ಇಲಾಖೆಯ ಸಮವಸ್ತ್ರ ಹೊಲಿಯುವ ಕೆಲಸ ಪೂರ್ತಿ ಅವನಿಗೇ ಕೊಡಿಸುತ್ತೇನೆ. ಕೋಳಿಗಿಂತ ಅದೇ ಮೇಲು. ಮೆಲ್ಲಗೆ ನೀನೇ ಹೇಳು, ನೀನಂದರೆ ಅವನಿಗೆ ಗೌರವ.

ಮುಂದಿನ ತಿಂಗಳು ಮೊದಲ ವಾರದಲ್ಲಿ ಊರಿನ ಶಾಲೆ ಮೈದಾನದಲ್ಲಿ ಪರಿಹಾರದ ಚೆಕ್ ಕೊಡುವ ಸಭೆ. ನೀನು ವೇದಿಕೆ ಮೇಲೆ ನನ್ನ ಪಕ್ಕ ಕೂರಬೇಕು. ಜನ ನಿನ್ನನ್ನು ನೋಡಿದರೆ ಸಮಾಧಾನ ಪಡುತ್ತಾರೆ. ಎರಡು ಮಾತಾಡಿದರೆ ಇನ್ನೂ ಒಳ್ಳೆಯದು. ಕಾರ್ಯದರ್ಶಿ ಬರೆದು ಕೊಡುತ್ತಾನೆ.

ನಿನ್ನವನು


ಜುಲೈ 17

ನಿಮಗೆ,

ದರ್ಜಿಯವರ ಅಂಗಡಿಯ ಬಾಗಿಲು ಹಾಕಿದೆ. ಊರೆಲ್ಲ ಕೋಳಿ ಕಳೆದುಕೊಂಡಿದೆ. ಕಳೆದುಕೊಂಡವರಿಗೆ ಬೈಯಲು ಒಬ್ಬರು ಬೇಕು, ನೋಟೀಸು ಅವರ ಗೇಟನ್ನೇ ತೋರಿಸುತ್ತಿದೆ. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಜನ ಹಾಗೇ ವಾಪಸು ಒಯ್ದರು. ಕತ್ತರಿಸಿ ಇಟ್ಟದ್ದನ್ನೂ, ಅರ್ಧ ಹೊಲಿದದ್ದನ್ನೂ. ಅವರ ಹೆಂಡತಿ ನೀರಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೊರಟುಬಿಡುತ್ತಾರೆ. ನಿನ್ನೆ ಯಾರೋ ಅವರ ಹೆಂಚಿಗೆ ಕಲ್ಲು ಹೊಡೆದರು. ಇಷ್ಟಾದರೂ ದರ್ಜಿಯವರು ನಿಮ್ಮ ತಮ್ಮನಿಗೆ ಏನಂದರು ಗೊತ್ತೆ? "ಸಾಹೇಬ್ರಿಗೆ ವಿಷಯ ತಲುಪಿಲ್ಲ ಅಷ್ಟೇ. ತಲುಪಿದರೆ ನನ್ನ ಬಿಟ್ಟುಕೊಡಲ್ಲ."

ಸಭೆಗೆ ಬರುತ್ತೇನೆ. ಬರೆದು ಕಳಿಸುವುದು ಬೇಡ.


ಆಗಸ್ಟ್ 7

ಏನು ಮಾಡಿದೆ ನೀನು?

ಆ ಮೈದಾನದಿಂದ ನೇರ ಕಾರು ಹತ್ತಿ ಬಂದವನು ಇವತ್ತಿನವರೆಗೂ ಸರಿಯಾಗಿ ಉಸಿರಾಡಿಲ್ಲ. ಮನೆಗೆ ಬಂದು ನಿನ್ನನ್ನು ಎದುರಿಗೇ ಕೇಳಬೇಕಿತ್ತು. ಆದರೆ ಆ ಜನರ ನಡುವೆ ದಾರಿ ಮಾಡಿಕೊಂಡು ಮನೆ ತಲುಪುವ ಧೈರ್ಯ ನನಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ನಾನೇ ಮೈಕನ್ನು ನಿನ್ನ ಎತ್ತರಕ್ಕೆ ಇಳಿಸಿ ಕೊಟ್ಟೆನಲ್ಲ. ನೀನು ಎರಡು ಸಮಾಧಾನದ ಮಾತಾಡುತ್ತೀ ಅಂತ ಕೈ ಕಟ್ಟಿ ಕೂತಿದ್ದೆ. "ದರ್ಜಿಯವರ ಶೆಡ್ಡಿಗೆ ರೋಗ ಹೋದದ್ದು ನಮ್ಮ ಶೆಡ್ಡಿಂದ. ನಮ್ಮಲ್ಲಿ ಸಾಯ್ತಾ ಇದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಯಾರೆ ಆರಿಸಿ ಕೊಟ್ಟೆ. ಅವರು ಏನನ್ನೂ ಮುಚ್ಚಿಡಲಿಲ್ಲ, ಮುಚ್ಚಿಟ್ಟೋರು ನಾವು" ಅಂತ ನೀನು ಅಂದೆ. ಅಡಿಗೆಗೆ ಉಪ್ಪು ಕಡಿಮೆಯಾಗಿದೆ ಅನ್ನುವಷ್ಟು ಸಾವಕಾಶವಾಗಿ ಅಂದೆ! ಆ ಪತ್ರಿಕೆಯವ "ಮಂತ್ರಿಗಳಿಗೆ ಗೊತ್ತಿತ್ತಾ?" ಅಂತ ಕೂಗಿದಾಗಲಾದರೂ ಇಲ್ಲ ಅನ್ನಬಹುದಿತ್ತು. ನೀನು ನನ್ನ ಕಡೆ ತಿರುಗಿ "ಇಲ್ಲೇ ಕೂತಿದ್ದಾರೆ, ಅವರನ್ನೇ ಕೇಳಿ" ಅಂದೆ.

ನನ್ನ ಬಾಯಿಗೆ ಬಂದದ್ದು ಒಂದೇ. "ಪಾಪ, ಇವಳು ಸರಿಯಾಗಿ ನಿದ್ದೆ ಮಾಡಿ ತಿಂಗಳಾಯ್ತು" ಅಂದು ನಕ್ಕೆ. ಯಾರೂ ನನ್ನ ಜೊತೆ ನಗಲಿಲ್ಲ. ದರ್ಜಿ ಕೂಡ. ಅವನು ಮುಂದಿನ ಸಾಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

ಈಗ ದೊಡ್ಡವರು ಒಂದು ದಾರಿ ಹೇಳಿದ್ದಾರೆ. ಬರುವ ವಾರ ಸದನದಲ್ಲಿ ನಾನು ಹೇಳಿಕೆ ಕೊಡಬೇಕು. ನಿನ್ನ ಮನಸ್ಸಿನ ಆರೋಗ್ಯ ಸರಿಯಿಲ್ಲ, ಕೋಳಿಗಳು ಹೋದ ಆಘಾತಕ್ಕೆ ಏನೇನೋ ಹೇಳುತ್ತಿದ್ದೀ, ಚಿಕಿತ್ಸೆ ನಡೆದಿದೆ ಅಂತ. ಡಾಕ್ಟರ ಚೀಟಿ ಕಾರ್ಯದರ್ಶಿ ತರಿಸುತ್ತಾನೆ. ನೀನು ಎರಡು ತಿಂಗಳು ಇಲ್ಲಿಗೆ ಬಂದು ಇದ್ದುಬಿಟ್ಟರೆ ಸಾಕು. ಯಾರಿಗೂ ತೊಂದರೆ ಇಲ್ಲ. ಖಾತೆ ಉಳಿಯುತ್ತದೆ. ಖಾತೆ ಉಳಿದರೆ ದರ್ಜಿಗೂ ಏನಾದರೂ ಮಾಡಬಹುದು.

ಬರುತ್ತೀಯಾ? ಹ್ಞೂಂ ಅಂತ ಒಂದು ಮಾತು ಬರೆ.


ಆಗಸ್ಟ್ 10

ನಿಮಗೆ,

ಬರುವುದಿಲ್ಲ.

ನನಗೆ ತಲೆ ಕೆಟ್ಟಿದೆ ಅಂತ ನೀವು ಹೇಳಿದರೆ ನಾನು ಬೀದಿಗೆ ಬಂದು ಇಲ್ಲ ಇಲ್ಲ ಅಂತ ಕೂಗುವವಳಲ್ಲ. ಹೇಳಿಕೊಳ್ಳಿ. ನಾನು ಹೇಳಬೇಕಾದದ್ದನ್ನು ಒಮ್ಮೆ ಹೇಳಿಯಾಗಿದೆ. ಮೈಕು ಕೊಟ್ಟರೂ ಕೊಡದಿದ್ದರೂ ಇನ್ನೊಂದು ಮಾತಿಲ್ಲ.

ನನ್ನ ಕಷ್ಟ ಬೇರೆ. ಮದುವೆಯಾದ ಹೊಸದರಲ್ಲಿ ಮೊದಲ ಸಲ ಮರಿ ಮಾಡಲು ಇಟ್ಟಾಗ ಒಂದೂ ಆಗಲಿಲ್ಲ, ನೆನಪಿದೆಯೆ? ಲಾಂದ್ರಕ್ಕೆ ಎಣ್ಣೆ ಹಾಕಲು ನಾನು ಮರೆತಿದ್ದೆ. ನಿಮ್ಮ ಅಪ್ಪ ಯಾರ ತಪ್ಪು ಅಂತ ಗದರಿದಾಗ ನೀವು ತಡವರಿಸದೆ "ನಂದು" ಅಂದಿರಿ. ನನಗೆ ನಿಮ್ಮ ಮೇಲೆ ಪ್ರೀತಿ ಬಂದದ್ದು ಆವತ್ತು. ಆ ಮೈದಾನದಲ್ಲಿ ನೀವು ನಕ್ಕಿರಲ್ಲ, ಆಗ ಆ ಮನುಷ್ಯ ಎಲ್ಲಿ ಹೋದ ಅಂತ ಹುಡುಕಿದೆ. ಸಿಟ್ಟಿಗೆ ಬರೆಯುತ್ತಿಲ್ಲ. ನಿಜವಾಗಿಯೂ ಹುಡುಕಿದೆ.

ನಿಮ್ಮ ಬಿಳಿ ಅಂಗಿಗಳನ್ನು ಒಗೆಸಿ ಕಳಿಸಿದ್ದೇನೆ. ಎರಡಕ್ಕೆ ಗುಂಡಿ ಸಡಿಲವಾಗಿತ್ತು, ಹಾಕಿದ್ದೇನೆ.

ನಿಮ್ಮವಳು


ಆಗಸ್ಟ್ 21

ಯಜಮಾನಿಗೆ,

ಪೇಪರು ನೋಡಿರುತ್ತೀ. ಆದರೂ ನನ್ನ ಬಾಯಿಂದ ಕೇಳು.

ಕಾರ್ಯದರ್ಶಿ ಹಾಳೆ ಟೈಪು ಮಾಡಿಸಿ ಕೊಟ್ಟಿದ್ದ. ಡಾಕ್ಟರ ಚೀಟಿಯೂ ಬಂದಿತ್ತು. ನಿನ್ನನ್ನು ನೋಡದೆಯೇ ನಿನ್ನ ಕಾಯಿಲೆಗೆ ಉದ್ದದ ಹೆಸರು ಬರೆದಿದ್ದ. ನಾನು ಎದ್ದು ನಿಂತೆ. ಹಿಂದಿನಿಂದ ಕೊಕ್ಕೊಕ್ಕೋ ಬಂತು. ಎಂದಿನ ಹಾಗೆ ನಗೋಣ ಅಂದರೆ ನಗು ಬರಲಿಲ್ಲ. ಹಾಳೆ ನೋಡಿ ಓದಿದೆ: "ನನ್ನ ಪತ್ನಿಯ ಆರೋಗ್ಯ..."

ಪತ್ನಿ! ಜನ್ಮದಲ್ಲಿ ನಿನ್ನನ್ನು ನಾನು ಪತ್ನಿ ಅಂದವನಲ್ಲ. ಯಾರೋ ಗುರುತಿಲ್ಲದ ಹೆಂಗಸಿನ ವಿಷಯ ಓದುತ್ತಿದ್ದೇನೆ ಅನ್ನಿಸಿತು. ಓದುವುದನ್ನು ನಿಲ್ಲಿಸಿದೆ. ಸಭಾಧ್ಯಕ್ಷರು "ಮಂತ್ರಿಗಳೇ, ಮುಂದುವರಿಸಿ" ಅಂದರು. ದೊಡ್ಡವರು ಪಕ್ಕದಿಂದ "ಓದಿ, ಓದಿ" ಅಂತ ಪಿಸುಗುಟ್ಟಿದರು. ನಾನು ಹಾಳೆ ಮಡಚಿದೆ. "ನನ್ನ ಹೆಂಡತಿ ಹುಷಾರಾಗಿದ್ದಾಳೆ. ಅವಳು ಹೇಳಿದ್ದೆಲ್ಲ ನಿಜ. ಮುಚ್ಚಿಡು ಅಂತ ಹೇಳಿದವನು ನಾನು. ದರ್ಜಿಯ ತಪ್ಪು ಏನೂ ಇಲ್ಲ" ಅಂದೆ. ಆಮೇಲೆ ಏನು ಗದ್ದಲವಾಯಿತೋ ನನಗೆ ಕೇಳಿಸಲಿಲ್ಲ. ಸಂಜೆಯೊಳಗೆ ರಾಜೀನಾಮೆ ಪಡೆದರು. ದೊಡ್ಡವರು ನನ್ನನ್ನು ಒಳಗೂ ಕರೆಯಲಿಲ್ಲ. ಜವಾನನ ಕೈಯಲ್ಲಿ ಪೆನ್ನು ಕಳಿಸಿದರು.

ನಿನಗೆ ಸುಳ್ಳು ಹೇಳಬಾರದು. ಆವತ್ತು ಬೆಳಿಗ್ಗೆಯೇ ಕಾರ್ಯದರ್ಶಿ ಒಂದು ಸುದ್ದಿ ತಂದಿದ್ದ. ಆ ಪಶುವೈದ್ಯೆ ಹೊಸ ಊರಿನಿಂದ ಮೇಲಿನವರಿಗೆಲ್ಲ ಬರೆದಿದ್ದಾಳೆ, ಇವತ್ತಲ್ಲ ನಾಳೆ ಹೊರಬರುತ್ತದೆ ಅಂತ. ಹೇಗೂ ಸಿಕ್ಕಿಬೀಳುತ್ತೇನೆ ಅಂತ ಹೇಳಿದೆನೋ, ಇಲ್ಲಾ ನಿನ್ನ ಕಾಗದ ಓದಿ ಹೇಳಿದೆನೋ, ನನಗೇ ತಿಳಿಯುತ್ತಿಲ್ಲ. ತಿಳಿದ ದಿನ ಬರೆಯುತ್ತೇನೆ.

ಬಂಗಲೆ ಬಿಡಲು ಹೇಳಿದ್ದಾರೆ. ಗೇಟಿನ ಪೊಲೀಸಿನವ ಇನ್ನೂ ಸೆಲ್ಯೂಟ್ ಹೊಡೆಯುತ್ತಾನೆ, ಅವನಿಗೆ ಆದೇಶ ಬಂದಿಲ್ಲವಂತೆ. ಸಾಮಾನೇನೂ ಹೆಚ್ಚಿಲ್ಲ, ಎರಡು ಪೆಟ್ಟಿಗೆ. ಕಾರಿಲ್ಲ, ಬಸ್ಸಿನಲ್ಲೇ ಬರಬೇಕು.

ಬರಲಾ? ಊರು ನನ್ನನ್ನು ಹೇಗೆ ನೋಡುತ್ತದೆ? ಅದಕ್ಕಿಂತ ಮೊದಲು, ನೀನು ಹೇಗೆ ನೋಡುತ್ತೀ?

ನಿನ್ನವನು


ಆಗಸ್ಟ್ 27

ನಿಮಗೆ ನಮಸ್ಕಾರ.

ಯಾಕೆ ಹೇಳಿದಿರಿ ಅಂತ ನಾನು ಕೇಳುವುದಿಲ್ಲ. ಹೇಳಿದಿರಿ.

ಇಲ್ಲಿಯ ಸುದ್ದಿ ಕೇಳಿ. ದರ್ಜಿಯವರ ಗೇಟಿನ ನೋಟೀಸು ಕಿತ್ತಿದ್ದಾರೆ. ಪರಿಹಾರ ಕೊಡುತ್ತೇವೆ ಅಂತ ಅಧಿಕಾರಿ ಬಂದು ಹೇಳಿ ಹೋದ. ಅಂಗಡಿ ಬಾಗಿಲು ತೆಗೆದಿದ್ದಾರೆ. ಬಟ್ಟೆ ವಾಪಸು ಒಯ್ದಿದ್ದ ಜನವೇ ಈಗ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಏನೂ ಆಗಿಲ್ಲದವರ ಹಾಗೆ ಅಳತೆ ಕೊಡುತ್ತಾರೆ. ಅವರೂ ಏನೂ ಅನ್ನದೆ ಹೊಲಿಯುತ್ತಾರೆ. ಆ ಮೂಲೆಮನೆಯ ಅಜ್ಜಿಗೆ ಯಾರೋ ಒಂದು ಹುಂಜ ತಂದುಕೊಟ್ಟಿದ್ದಾರೆ. ನಮ್ಮೂರಿನಲ್ಲಿ ಈಗಿರುವುದು ಅದೊಂದೇ ಕೋಳಿ.

ನಾನು ದರ್ಜಿಯವರ ಅಂಗಡಿಗೆ ಹೋಗಿದ್ದೆ. ಊರಿನವರೆಲ್ಲ ನನ್ನ ಧೈರ್ಯ ಹೊಗಳುತ್ತಾರೆ, ಅವರೂ ಒಂದು ಒಳ್ಳೆಯ ಮಾತಾಡಬಹುದು ಅನ್ನುವ ಆಸೆ ನನಗೂ ಇತ್ತು. ಅವರು ಮೆಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ಬಟ್ಟೆ ನೋಡಿಕೊಂಡೇ ಅಂದರು: "ಅಕ್ಕಾ, ನೀವು ಹೇಳಿದ್ದಕ್ಕೆ ನನ್ನ ಹೆಸರು ಉಳೀತು. ಒಂದು ವಾರ ಹೇಳದೇ ಇದ್ದದ್ದಕ್ಕೆ ಎಲ್ಲಾ ಹೋಯ್ತು. ಎರಡನ್ನೂ ಒಂದೇ ಕಡೆ ಹೊಲಿಯೋಕೆ ನನ್ನ ಕೈಲಿ ಆಗ್ತಿಲ್ಲ. ಸ್ವಲ್ಪ ದಿನ ಬರಬೇಡಿ."

ಎದ್ದು ಬಂದೆ. ಅವರ ಹೆಂಡತಿ ಮಾತ್ರ ಮೆಟ್ಟಿಲವರೆಗೆ ಬಂದು ನಿಂತಿದ್ದಳು.

ನಾನು ಹೇಗೆ ನೋಡುತ್ತೇನೆ ಅಂತ ಕೇಳಿದ್ದೀರಿ. ಬನ್ನಿ, ಆಮೇಲೆ ನೋಡೋಣ. ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ನನ್ನ ಮೇಲಿನ ಸಿಟ್ಟೂ ಹೋಗಿಲ್ಲ, ಅದಕ್ಕೆ ನಿಮ್ಮೊಬ್ಬರನ್ನೇ ಹೊರಗೆ ನಿಲ್ಲಿಸಲು ಆಗುತ್ತಿಲ್ಲ. ಶೆಡ್ಡುಗಳಿಗೆ ಸುಣ್ಣ ಹೊಡೆಸುತ್ತಿದ್ದೇನೆ. ಮತ್ತೆ ಕೋಳಿ ತರುವ ಯೋಚನೆ ಸದ್ಯಕ್ಕಿಲ್ಲ. ನಿಮ್ಮ ತಮ್ಮ ಆ ಹೊಸ ಕುರ್ಚಿಯನ್ನು ತನ್ನ ಮನೆಗೆ ಹೊತ್ತುಕೊಂಡು ಹೋದ. ಜಗುಲಿ ಈಗ ಖಾಲಿ ಇದೆ.

ಬಸ್ಸು ನಿಲ್ಲುವ ಜಾಗದಿಂದ ಮನೆಗೆ ಎರಡು ದಾರಿ. ಶಾಲೆ ಹಿಂದಿನ ಓಣಿ ಹಿಡಿದರೆ ಯಾರ ಕಣ್ಣಿಗೂ ಬೀಳದೆ ಮನೆ ಸೇರಬಹುದು. ನೀವು ಪೇಟೆಬೀದಿಯಲ್ಲಿ ಬನ್ನಿ. ಜನ ನೋಡುತ್ತಾರೆ, ನೋಡಲಿ. ಒಬ್ಬಿಬ್ಬರು ಕೊಕ್ಕೊಕ್ಕೋ ಅಂತಲೂ ಅನ್ನಬಹುದು. ದರ್ಜಿಯವರ ಅಂಗಡಿ ಮುಂದೆ ಪೆಟ್ಟಿಗೆ ಇಳಿಸಿ ನಿಂತುಕೊಳ್ಳಿ. ಸಮವಸ್ತ್ರ, ಗುತ್ತಿಗೆ, ಏನನ್ನೂ ಎತ್ತಬೇಡಿ. ಅವರು ತಲೆ ಎತ್ತಿದರೆ, ಹೇಳಬೇಕಾದದ್ದನ್ನು ಹೇಳಿ. ಎತ್ತದಿದ್ದರೆ ಅಂಗಡಿ ಮುಚ್ಚುವವರೆಗೆ ನಿಂತು, ಆಮೇಲೆ ಮನೆಗೆ ಬನ್ನಿ. ಊಟ ಇಟ್ಟಿರುತ್ತೇನೆ.

ಮರುದಿನ ಇಬ್ಬರೂ ಹೋಗೋಣ.

ನಿಮ್ಮವಳು